ದೀಪ ಹಚ್ಚಿದ ಮೇಲಿನ ಹೆಪ್ಪು

ಲಸಿಕೆಯು ಸೂಜಿಯನ್ನು ಬಿಟ್ಟು ಲೋಟ ಹಿಡಿದ ವರ್ಷ ನಾಡಿನ ತೋಳುಗಳೆಲ್ಲ ನೆಮ್ಮದಿಯ ಉಸಿರು ಬಿಟ್ಟವು. ಹೊಟ್ಟೆಗಳೂ ಬಿಟ್ಟವು, ಆದರೆ ಅದು ಉಸಿರಾಗಿರಲಿಲ್ಲ.

ಸಂಗತಿ ಇಷ್ಟೇ. ಫ್ಲೂ ಜ್ವರವೆಂಬುದು ವರ್ಷಕ್ಕೊಂದು ವೇಷ ಹಾಕಿಕೊಂಡು ಬರುವ ಬಹುರೂಪಿ. ಅದರ ಹಿಂದೆ ವರ್ಷಕ್ಕೊಂದು ಸೂಜಿ ಹಿಡಿದು ಓಡಿ ಓಡಿ ಎಲ್ಲರಿಗೂ ಸಾಕಾಗಿತ್ತು. ಆಗ ಯಾರೋ ಬುದ್ಧಿವಂತರು ಮೊಸರಿನ ಬ್ಯಾಕ್ಟೀರಿಯಾ ಒಂದನ್ನು ಪಳಗಿಸಿ, ಫ್ಲೂ ವೈರಸ್ಸು ತೊಡುವಂಥದೇ ಅಂಗಿಯನ್ನು ಅದಕ್ಕೆ ಹೊಲಿದು ತೊಡಿಸಿದರು. ಮಜ್ಜಿಗೆಯಲ್ಲಿ ಕದಡಿ ಒಂದು ಲೋಟ ಕುಡಿದರೆ ಮುಗಿಯಿತು. ಅದು ಕರುಳಿನಲ್ಲಿ ಎರಡು ವಾರ ಬಿಡಾರ ಹೂಡುತ್ತದೆ. ದೇಹ ಆ ಅಂಗಿಯನ್ನು ನೋಡಿ ನೋಡಿ ಗುರುತು ಮಾಡಿಕೊಳ್ಳುತ್ತದೆ. ಮುಂದೆ ನಿಜವಾದ ಕಳ್ಳ ಅದೇ ಅಂಗಿಯಲ್ಲಿ ಬಂದಾಗ ಬಾಗಿಲಲ್ಲೇ ಹಿಡಿದು ಹಾಕುತ್ತದೆ. ಸರ್ಕಾರಿ ಕಾಗದದಲ್ಲಿ ಅದಕ್ಕೆ ಒಂದೂವರೆ ಸಾಲಿನ ಹೆಸರಿತ್ತು. ಜನ ಮೊದಲ ವಾರದಲ್ಲೇ 'ಲಸ್ಸಿಕೆ' ಎಂದು ಕರೆದು ಕೈ ತೊಳೆದುಕೊಂಡರು.

ನೂರರಲ್ಲಿ ಎಂಬತ್ತು ಮಂದಿಗೆ ಏನೂ ಆಗಲಿಲ್ಲ. ಉಳಿದ ಇಪ್ಪತ್ತು ಮಂದಿ ಮೂರನೆಯ ದಿನಕ್ಕೆ ಧಾರವಾಡದ ಪ್ರಯೋಗ ಕೇಂದ್ರಕ್ಕೆ ಫೋನ್ ಮಾಡತೊಡಗಿದರು. ಆ ಫೋನುಗಳನ್ನು ಎತ್ತಿಕೊಳ್ಳುವವಳು ಮಹಾನಂದಾ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಅವಳು ಹೊಟ್ಟೆ ಸಹಾಯವಾಣಿ; ಮಧ್ಯಾಹ್ನದ ಮೇಲೆ ಅದೇ ಹೊಟ್ಟೆಗಳಿಂದ ಬಂದ ಮಾದರಿಗಳನ್ನು, ಅಂದರೆ ಬಿಳಿ ಡಬ್ಬಿಗಳಲ್ಲಿ ಬಂದ ಆ ಹೇಳಬಾರದ ವಸ್ತುವನ್ನು, ಪರೀಕ್ಷಿಸುವ ತಂತ್ರಜ್ಞೆ.

"ಹೊಟ್ಟೆಯಲ್ಲಿ ಎಂತದೋ ಉಂಟು ಮಾರಾಯ್ರೇ. ಕೂತರೆ ಏಳ್ಲಿಕ್ಕೆ ಆಗುದಿಲ್ಲ, ಎದ್ದರೆ ಕೂರ್ಲಿಕ್ಕೆ ಬಿಡುದಿಲ್ಲ," ಎಂದು ಪುತ್ತೂರಿನಿಂದ ಒಬ್ಬರು.

"ಅದೇನ್ ಕುಡುಸುದ್ರೋ ಕಾಣೆ ಕಣಕ್ಕಾ, ಒಳ್ಗೆ ಟ್ರಾಕ್ಟ್ರು ಉಳ್ತಾ ಅದೆ," ಎಂದು ಮದ್ದೂರಿನ ಕಡೆಯ ದನಿ.

"ಗುಡುಗುಡು ಅನ್ಲತ್ತದ್ರಿ, ಮಳಿ ಮಾತ್ರ ಎಲ್ಲಿಂದ ಬರ್ತದ ಅಂತ ಹೇಳಾಕ ನಾಚ್ಕಿ ಆಗ್ತದ," ಎಂದು ಸೇಡಂನ ಮಾಸ್ತರರೊಬ್ಬರು.

ಮೈಸೂರಿನವರು ಮಾತ್ರ ಬಹಳ ಸಂಕೋಚದಿಂದ, "ತೊಂದ್ರೆ ಅಂತೇನಿಲ್ಲ ಮೇಡಂ. ಬೆಳಗ್ಗಿಂದ ಮನೆ ಒಳಗೇ ವಾಕಿಂಗ್ ಆಗೋಯ್ತು, ಅಷ್ಟೇ," ಎಂದರು.

ಇಂಥ ಫೋನು ಇಟ್ಟಾಗಲೆಲ್ಲ ಮಹಾನಂದಾಳಿಗೆ ತನ್ನ ಅಕ್ಕ ನೆನಪಾಗುತ್ತಿದ್ದಳು. ಅಕ್ಕ ಇದ್ದಿದ್ದರೆ ಈ ನಾಲ್ವರನ್ನೂ ಒಂದೇ ಮೂಗಿನಿಂದ ಅಣಕಿಸಿ ತೋರಿಸುತ್ತಿದ್ದಳು. ಸೇಡಂ ಮಾಸ್ತರರ ನಾಚಿಕೆಗೆ ಹುಬ್ಬನ್ನೂ ಸೇರಿಸುತ್ತಿದ್ದಳು.

ಕಾರಣ ತಿಳಿಯಲು ಎರಡು ತಿಂಗಳು ಹಿಡಿಯಿತು. ನರಳುತ್ತಿದ್ದವರೆಲ್ಲ ಮನೆಯಲ್ಲೇ ಹಳೆಯ ಹೆಪ್ಪಿನಿಂದ ಮೊಸರು ಮಾಡುವ ಮನೆಯವರು. ಹತ್ತಾರು ವರ್ಷ ಒಂದೇ ಗಡಿಗೆಯ ಮೊಸರುಂಡ ಕರುಳಿನಲ್ಲಿ ಆ ಗಡಿಗೆಯ ಬ್ಯಾಕ್ಟೀರಿಯಾಗಳದೇ ಓಣಿ, ಅವುಗಳದೇ ಪಂಚಾಯ್ತಿ. ಹೊಸ ಬಾಡಿಗೆದಾರ ಗಂಟುಮೂಟೆ ಇಳಿಸುತ್ತಿದ್ದಂತೆ ಹಳಬರು ಕಲ್ಲು ತೂರುತ್ತಿದ್ದರು. ಪಾಕೀಟಿನ ಮೊಸರು ತಿನ್ನುವವರ ಹೊಟ್ಟೆಯಲ್ಲಿ ಯಾರೂ ಖಾಯಂ ನಿವಾಸಿಗಳಿರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಹಂಚಿನಾಳರು ಪರಿಹಾರವನ್ನೂ ಕಂಡುಹಿಡಿದರು. ಒಂದು ಹಸಿರು ಮಾತ್ರೆ. ಅದು ಕರುಳಿನ ಹಳೆಯ ನಿವಾಸಿಗಳನ್ನೆಲ್ಲ ಗುಡಿಸಿ ಹೊರಗೆ ಹಾಕುತ್ತದೆ. ಆಮೇಲೆ ಹದಿನೈದು ದಿನ ಮನೆಯಲ್ಲಿ ಹೆಪ್ಪು ಹಾಕುವಂತಿಲ್ಲ, ಮನೆಯ ಮೊಸರು ಮುಟ್ಟುವಂತಿಲ್ಲ. ಲಸ್ಸಿಕೆ ಸುಖವಾಗಿ ಬಿಡಾರ ಹೂಡುತ್ತದೆ. ಕೇಂದ್ರದ ಸಿಬ್ಬಂದಿಯೇ ಮೊದಲು ನುಂಗಿ ತೋರಿಸಿದರು. ಮಹಾನಂದಾಳ ಹೊಟ್ಟೆಯೂ ಅಂದೇ ಖಾಲಿ ನಿವೇಶನವಾಯಿತು.

ಮನೆಯ ಕಥೆ ಬೇರೆ. ಅವಳ ಅವ್ವ ಗುರುಬಸವ್ವ, ಎಪ್ಪತ್ತರ ಹೆಂಗಸು, ಮಾತ್ರೆ ಇನ್ನೂ ಬಾರದಿದ್ದಾಗ ಲಸ್ಸಿಕೆ ಕುಡಿದವಳು. ಎಂಟು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ನೀರು ಕುಡಿದರೂ ನಿಲ್ಲದು, ಗಂಜಿ ಕುಡಿದರೂ ನಿಲ್ಲದು. ಒಂಬತ್ತನೆಯ ದಿನ ಹಸಿರು ಮಾತ್ರೆ ಬಂತು. ಮಹಾನಂದಾ ಅದನ್ನು ನುಂಗಿಸಿದಳು. ನುಂಗಿಸಿ ಸುಮ್ಮನಿರಬಹುದಿತ್ತು. ಆದರೆ ಅವಳು ಪ್ರಯೋಗಾಲಯದವಳು. ಅರ್ಧ ಕೆಲಸ ಅವಳ ಕೈಗೆ ಒಗ್ಗದು. ಜಗಳಗಂಟರ ಮೂಲ ನೆಲುವಿನ ಮೇಲೆ ತೂಗುತ್ತಿತ್ತಲ್ಲ, ಆ ಸಣ್ಣ ಮಣ್ಣಿನ ಗಡಿಗೆಯನ್ನು ಇಳಿಸಿ, ಮೊಸರನ್ನು ಮೋರಿಗೆ ಸುರಿದು, ಕುಕ್ಕರಿನಲ್ಲಿಟ್ಟು ಮೂರು ಸೀಟಿ ಹೊಡೆಸಿದಳು. ಹೊಟ್ಟೆಗೆ ಮಾತ್ರೆ, ಗಡಿಗೆಗೆ ಕುಕ್ಕರ್. ಅಜ್ಜಿಯ ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ಬಂದಿದ್ದ ಹೆಪ್ಪು ಮೂರನೆಯ ಸೀಟಿಗೆ ಸತ್ತಿತು.

ಅವ್ವ ಎದ್ದು ಕೂತು ಮೊದಲು ಕೇಳಿದ್ದೇ ಮೊಸರನ್ನ. ಮಹಾನಂದಾ ಪಾಕೀಟು ಕತ್ತರಿಸಿ ಬಡಿಸಿದಳು. ಅವ್ವ ಒಂದು ತುತ್ತು ತಿಂದು, ತಲೆ ಎತ್ತಿ ನೆಲುವನ್ನು ನೋಡಿದಳು. ಗಡಿಗೆ ಥಳಥಳ ಹೊಳೆಯುತ್ತಿತ್ತು.

"ತೊಳದೇನು?"

"ಕುಕ್ಕರಿನ್ಯಾಗ ಇಟ್ಟಿದ್ದೆ ಬೇ. ನಿನ್ನ ಹೊಟ್ಟಿಗೆ ಮತ್ತ ತ್ರಾಸ ಆಗಬಾರ್ದಂತ."

ಅವ್ವ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೈ ತೊಳೆದಳು. ಮಗಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಳು; ಆ ಹೊಟ್ಟೆಗೆ ಆಗ ಅಷ್ಟೊಂದು ಶಕ್ತಿ ಇಲ್ಲದಿದ್ದರೂ.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಮಹಾನಂದಾಳಿಗೆ ತಡೆಯಲಾಗಲಿಲ್ಲ.

"ಪಾಕೀಟಿನ ಮಸರೂ ಮಸರ ಅಲ್ಲೇನಬೇ?"

"ಹೌದು. ಬೆಳ್ಳಗೈತಿ."

"ಬೈಯೂದಿದ್ರ ಬೈದ್ಬಿಡು."

"ನಿನಗ ಯಾಕ್ ಬೈಲಿ? ನನ್ನ ಸಲುವಾಗಿ ಮಾಡಿದಿ." ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದಳು. "ಇಪ್ಪತ್ತೆರಡು ವರ್ಷ ದಿನಾ ಹೆಪ್ಪ ಹಾಕೀನಿ. ನಮ್ಮಿಬ್ಬರಿಗೆ ಎಷ್ಟ್ ಮಸರು ಬೇಕಾಗಿತ್ತು? ಅಕಿ ಬಂದ್ರ ಹಗಲ್ನ್ಯಾಗ ಕೊಡೂಣು ಅಂತ ಇಟ್ಕೊಂಡು ಬಂದಿದ್ದೆ."

ಅಕಿ ಅಂದರೆ ಕಸ್ತೂರಿ. ಮಹಾನಂದಾಳ ಅಕ್ಕ.

ಅದು ಗದುಗಿನ ಬೆಟಗೇರಿಯ ಮನೆ. ಮಹಾನಂದಾಳಿಗೆ ಎಂಟು ವರ್ಷ, ಕಸ್ತೂರಿಗೆ ಹತ್ತೊಂಬತ್ತು. ಓಣಿಯಲ್ಲಿ ಯಾರೇ ಸೀನಿದರೂ ಕಸ್ತೂರಿಯ ಗಂಟಲಲ್ಲಿ ಅದು ಮರುದಿನ ಮತ್ತೆ ಕೇಳುತ್ತಿತ್ತು. ಬಸ್ ಕಂಡಕ್ಟರ್, ಗಿರಣಿಯ ಮಾಮಾ, ಹಾಲು ಅಳೆಯುವ ನಿಂಗವ್ವ, ಎಲ್ಲರೂ ಅವಳೊಳಗೆ ಬಾಡಿಗೆಗಿದ್ದರು. ಎಲ್ಲಕ್ಕಿಂತ ಚೆನ್ನಾಗಿ ಅವಳು ಅವ್ವನನ್ನು ಮಾಡುತ್ತಿದ್ದಳು. ಹಿತ್ತಲಿಂದ ಅವ್ವನ ದನಿಯಲ್ಲಿ "ನಂದೀ" ಎಂದು ಕೂಗಿ, ಓಡಿ ಬಂದ ತಂಗಿಯ ಮುಂದೆ ನಾಲಿಗೆ ಚಾಚುತ್ತಿದ್ದಳು. ಅಂಥವಳು ನಾಟಕ ಕಂಪನಿ ಸೇರುತ್ತೇನೆ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಅಪ್ಪ ಮುಖ ತಿರುಗಿಸಿ ನಿಂತದ್ದರಲ್ಲೂ ಇಲ್ಲ.

ಹೊರಟದ್ದು ಸಂಜೆ. ಅವ್ವ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದಳು. ಕಸ್ತೂರಿ ಚೀಲ ಹೆಗಲಿಗೇರಿಸಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಒಂದ್ ಚಮಚ ಹೆಪ್ಪ ಕೊಡಬೇ. ಎಲ್ಲಿದ್ರೂ ನಮ್ಮನಿ ಮಸರು ಉಣ್ತೀನಿ," ಎಂದಳು.

"ದೀಪ ಹಚ್ಚಿದ ಮ್ಯಾಲೆ ಹೆಪ್ಪ ಕೊಡಂಗಿಲ್ಲ," ಎಂದಳು ಅವ್ವ.

ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಅದರ ಜೊತೆ ಹೋಗುತ್ತಾಳೆ ಎಂದು ಆ ಕಡೆಯ ನಂಬಿಕೆ. ಆದರೆ ಅವ್ವ ಹೇಳಿದ್ದು ಲಕ್ಷ್ಮಿಯ ಮಾತಲ್ಲ. ಈ ರಾತ್ರಿ ಇದ್ದು ಹೋಗು, ಮುಂಜಾನೆ ಕೊಡುತ್ತೇನೆ, ಮುಂಜಾನೆಯೊಳಗೆ ನಿಮ್ಮಪ್ಪನೂ ಕರಗಬಹುದು ಎಂಬುದನ್ನೆಲ್ಲ ಗಂಡನ ಎದುರು ಹೇಳಲಾಗದೆ ಅಷ್ಟಕ್ಕೇ ನಿಲ್ಲಿಸಿದ್ದಳು. ಕಸ್ತೂರಿಗೆ ಕೇಳಿದ್ದು 'ಕೊಡಂಗಿಲ್ಲ' ಮಾತ್ರ. ಹೊಸ್ತಿಲಿಂದ ಹಾಗೇ ಹಿಂದಕ್ಕೆ ಹೋದಳು.

ಅವ್ವನಿಗೆ ತಿಳಿಯದ್ದು ಒಂದಿತ್ತು. ಎಂಟು ವರ್ಷದ ಮಹಾನಂದಾ ಕುಂಕುಮದ ಭರಣಿಯನ್ನು ಮೋರಿಯಲ್ಲಿ ಬರಿದು ಮಾಡಿ, ನೆಲುವಿನ ಗಡಿಗೆಯಿಂದ ಅದರೊಳಕ್ಕೆ ಒಂದು ಚಮಚ ಹೆಪ್ಪು ಹಾಕಿ, ಹಿತ್ತಲ ಬಾಗಿಲಿನಿಂದ ಓಡಿದ್ದಳು. ಗಿರಣಿಯ ಮೂಲೆಯಲ್ಲಿ ಅಕ್ಕ ಸಿಕ್ಕಳು. ಭರಣಿ ತೆಗೆದು ನೋಡಿ, ಒದ್ದೆ ಕಣ್ಣಿನಲ್ಲೇ ಅವ್ವನ ದನಿ ಮಾಡಿದಳು: "ಕಳ್ಳೀ, ದೀಪ ಹಚ್ಚಿದ ಮ್ಯಾಲೆ ಹೆಪ್ಪ ತಂದಿ?" ಅದೇ ಕೊನೆ. ಭರಣಿ ಕಳೆದದ್ದಕ್ಕೆ ಅವ್ವ ಒಂದು ವಾರ ಮನೆಯೆಲ್ಲ ಹುಡುಕಿದಳು. ಮಹಾನಂದಾ ಬಾಯಿ ಬಿಡಲಿಲ್ಲ.

ಆಮೇಲೆ ಅಪ್ಪ ತೀರಿಕೊಂಡ. ರಸ್ತೆ ಅಗಲ ಮಾಡುವಾಗ ಬೆಟಗೇರಿಯ ಮನೆ ಹೋಯಿತು. ಕಂಪನಿ ಒಡೆದು ಮೂರಾಯಿತು, ಕಸ್ತೂರಿ ಯಾವ ಹೆಸರಿನಲ್ಲಿ ಯಾವ ತುಂಡಿನ ಜೊತೆ ಹೋದಳೆಂದು ಹೇಳುವವರು ಉಳಿಯಲಿಲ್ಲ. ತಾಯಿ ಮಗಳು ಧಾರವಾಡಕ್ಕೆ ಬಂದರು, ಗಡಿಗೆಯೊಡನೆ.

ಆ ಗಡಿಗೆಯನ್ನೇ ಮಹಾನಂದಾ ಬೇಯಿಸಿದ್ದಳು.

ಮಾದರಿಗಳ ಯಂತ್ರ ಒಂದು ಮಧ್ಯಾಹ್ನ ಕೆಂಪು ದೀಪ ಹಚ್ಚಿತು. ಮಾದರಿ ಸಂಖ್ಯೆ ನಾಲ್ಕು ಸಾವಿರದ ನಾನೂರ ಹದಿನೇಳು, ಸಿಬ್ಬಂದಿ ಸಂಖ್ಯೆ ಒಂಬತ್ತನ್ನು ಹೋಲುತ್ತದೆ. ಪರೀಕ್ಷಿಸುವವರ ಕೈಯಿಂದಲೇ ಏನಾದರೂ ಡಬ್ಬಿಯೊಳಗೆ ಬಿದ್ದೀತೆಂದು ಸಿಬ್ಬಂದಿಯ ಹೊಟ್ಟೆಯ ವಿವರವನ್ನೂ ಕೆಲಸಕ್ಕೆ ಸೇರಿದಾಗಲೇ ಯಂತ್ರಕ್ಕೆ ಕೊಟ್ಟಿರುತ್ತಾರೆ. ಒಂಬತ್ತು ಎಂದರೆ ಮಹಾನಂದಾ.

"ಏನ್ರೀ ಮಹಾನಂದಾ," ಎಂದರು ಹಂಚಿನಾಳರು, ಕನ್ನಡಕವನ್ನು ಹಣೆಗೇರಿಸಿ, "ನಿಮ್ಮ ಮಜ್ಜಿಗಿ ಡಬ್ಬಿ ತಗೊಂಡು ಲ್ಯಾಬಿನ್ಯಾಗ ಬರಬ್ಯಾಡ್ರಿ ಅಂತ ಎಷ್ಟ್ ಸಲ ಹೇಳೀನಿ. ಕಂಟ್ಯಾಮಿನೇಶನ್ ಆಗಿ ಕೂತದ."

"ಸರ್, ನನ್ನ ಹೊಟ್ಟಿ ಖಾಲಿ ಆಗಿ ತಿಂಗಳಾತು. ಮನಿ ಗಡಿಗಿ ಸತ್ತು ಮೂರು ವಾರ ಆತು. ಬೀಳಾಕ ಏನ್ ಐತ್ರಿ?"

ಹಂಚಿನಾಳರ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

ಅವರು ಎರಡೂ ಬ್ಯಾಕ್ಟೀರಿಯಾಗಳ ವಂಶದ ಪುಸ್ತಕವನ್ನು, ಅಂದರೆ ಡಿಎನ್‌ಎ ಅಕ್ಷರಗಳನ್ನು, ಪಕ್ಕಪಕ್ಕದಲ್ಲಿಟ್ಟು ಯಂತ್ರದಿಂದ ಓದಿಸಿದರು. ಬ್ಯಾಕ್ಟೀರಿಯಾ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಎಲ್ಲೋ ಒಮ್ಮೆ ಒಂದಕ್ಷರ ತಪ್ಪುತ್ತದೆ. ದಿನಾ ಹೆಪ್ಪು ಹಾಕುವ ಗಡಿಗೆಯಲ್ಲಿ ಸರಿಸುಮಾರು ವರ್ಷಕ್ಕೊಂದು ಅಕ್ಷರ ಎಂದು ಅವರು ಬೇರೆ ಮನೆಗಳ ಗಡಿಗೆಗಳಿಂದ ಲೆಕ್ಕ ಹಾಕಿಟ್ಟಿದ್ದರು. ಮಹಾನಂದಾಳ ಮಜ್ಜಿಗೆಯೇ ಮಾದರಿಗೆ ಬಿದ್ದಿದ್ದರೆ ಒಂದಕ್ಷರವೂ ಬೇರೆಯಾಗಬಾರದು. ಬೇರೆಯಾಗಿದ್ದದ್ದು ನಲವತ್ತೈದು.

"ಎರಡು ಗಡಿಗಿ," ಎಂದರು ಹಂಚಿನಾಳರು ಮೆಲ್ಲಗೆ. "ಒಂದ ಗಡಿಗಿ ಇದ್ದದ್ದು ಎರಡಾಗ್ಯಾವ. ಆ ಕಡೆ ವರ್ಷಕ್ಕೊಂದಕ್ಷರ, ಈ ಕಡೆ ವರ್ಷಕ್ಕೊಂದು; ಅಂದ್ರ ಇಪ್ಪತ್ತೆರಡು ವರ್ಷದ ಹಿಂದ."

ಮಹಾನಂದಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಕ್ಕ ಬದುಕಿದ್ದಾಳೆ. ಬದುಕಿರುವುದಷ್ಟೇ ಅಲ್ಲ, ಊರೂರು ತಿರುಗುತ್ತ, ಡೇರೆಯ ಹಿಂದೆ, ಪೆಟ್ಟಿಗೆಗಳ ನಡುವೆ, ದಿನಾ ಹಾಲು ಕಾಸಿ ಆ ಚಮಚ ಹೆಪ್ಪನ್ನು ಹಾಕುತ್ತಾ ಬಂದಿದ್ದಾಳೆ. ಕರುಳಬಳ್ಳಿ ಎಂದು ಹಿರಿಯರು ಅಂದದ್ದನ್ನು ಯಂತ್ರವೊಂದು ಅಕ್ಷರ ಎಣಿಸಿ ಒಪ್ಪಿಕೊಂಡಿತ್ತು.

"ಸರ್, ಅಕಿ ನಮ್ಮಕ್ಕ. ಹೆಸರು?"

"ಅದು ಮುಚ್ಚಿದ ಪಟ್ಟಿ." ಅವರ ದನಿಯಲ್ಲಿ ಮರುಕವಿತ್ತು, ಆದರೆ ಸಡಿಲವಿರಲಿಲ್ಲ. "ಹೆಸರು ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟು ಮಂದಿ ಹೊಟ್ಟ್ಯಾಗಿಂದು ಇಸಗೊಂಡೀವಿ. ನನಗ ಅಕ್ಕ ಇದ್ದಿದ್ರ ನಾನೂ ಕೇಳ್ತಿದ್ದೆ. ನೀವೂ ಇಲ್ಲ ಅಂತಿದ್ರಿ."

ಹೆಸರಿನ ಪಟ್ಟಿ ತೆರೆಯಲು ಹಂಚಿನಾಳರ ಹೆಬ್ಬೆರಳು ಬೇಕು. ಹಂಚಿನಾಳರಿಗೆ ಊಟದ ಮೇಲೆ ಹದಿನೈದು ನಿಮಿಷದ ನಿದ್ದೆ ಬೇಕು. ನಿದ್ದೆಯಲ್ಲಿ ಅವರ ಬಲಗೈ ಕುರ್ಚಿಯ ತೋಳಿನಿಂದ ಜೋತು, ಹೆಬ್ಬೆರಳು ಯಾರಾದರೂ ಬಂದು ಒತ್ತಿಕೊಳ್ಳಲಿ ಎಂಬಂತೆ ಗಾಳಿಯಲ್ಲಿ ತೂಗಾಡುತ್ತಿತ್ತು. ಮರುದಿನ ಮಧ್ಯಾಹ್ನ ಮಹಾನಂದಾ ಬೆರಳೊತ್ತುವ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಆ ಹೆಬ್ಬೆರಳಿನ ಮುಂದೆ ಪೂರಾ ಮೂರು ನಿಮಿಷ ನಿಂತಳು. ಎರಡು ಬೆರಳಿನಷ್ಟು ದೂರ. ಸೋಮವಾರ ಹಸಿರು ಮಾತ್ರೆಗಳು ಹೊರಗಿನ ಊರುಗಳಿಗೆ ಹೊರಡುತ್ತವೆ. ಅಕ್ಕ ನುಂಗುತ್ತಾಳೆ. ಹದಿನೈದು ದಿನಕ್ಕೆ ಅವಳ ಹೊಟ್ಟೆಯೂ ಖಾಲಿ, ಅವಳ ಗಡಿಗೆಯೂ ಖಾಲಿ. ಪ್ರಯೋಗ ಮುಗಿಯುತ್ತದೆ. ಸಂಖ್ಯೆ ಉಳಿಯುತ್ತದೆ, ದಾರಿ ಉಳಿಯುವುದಿಲ್ಲ.

ಆದರೆ ಅಕ್ಕನಿಗೆ ಸಿಗುವ ಮನಸ್ಸಿಲ್ಲದಿದ್ದರೆ? ಮುಖ ಮುಚ್ಚಿಕೊಳ್ಳಲು ಬಿಡುತ್ತೇವೆ ಎಂಬ ಮಾತಿನ ಮೇಲೆ ಬಂದವಳ ಸೆರಗನ್ನು ತಂಗಿಯಾದವಳು ಹಿಂದಿನಿಂದ ಎಳೆಯಬಹುದೇ?

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಸದ್ದಿಗೆ ಹಂಚಿನಾಳರು ಎಚ್ಚರಾದರು. ಪೆಟ್ಟಿಗೆಯನ್ನೂ ಅವಳನ್ನೂ ನೋಡಿ, ತಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು.

"ಏನು?"

"ಒಂದು ವಿಚಾರ ಐತ್ರಿ ಸರ್," ಎಂದಳು ಮಹಾನಂದಾ. ವಿಚಾರ ಆ ಕ್ಷಣಕ್ಕೆ ಹುಟ್ಟಿದ್ದು. "ಮಾತ್ರಿ ತಗೋರಿ ಅಂದ್ರ ಅರ್ಧ ಮಂದಿ ಒಲ್ಲೆ ಅನ್ನಾಕತ್ತಾರ. ಹೊಟ್ಟಿ ನೋವಿಗಲ್ಲ, ಹೆಪ್ಪ ಸಾಯತೈತಿ ಅಂತ. ನಾವ ಹದಿನೈದು ದಿನ ಅವರ ಹೆಪ್ಪ ಕಾಯೂಣು. ಮಾತ್ರಿ ನುಂಗೂಕಿಂತ ಮೊದಲ ಒಂದು ಚಮಚ ಕಳಸಲಿ. ಕಾದು, ತಿರುಗಿ ಕೊಡೂಣು. ಜೊತೀಗೆ ಫಾರ್ಮಿನ್ಯಾಗ ಒಂದು ಪ್ರಶ್ನಿ ಕೇಳೂಣು. ನಿಮ್ಮ ಮನಿ ಹೆಪ್ಪ ಎಲ್ಲಿಂದ ಬಂತು, ಎಲ್ಲಿಟ್ಟು ಹಾಕ್ತೀರಿ ಅಂತ."

"ಹೆಪ್ಪಿನ ಬ್ಯಾಂಕು," ಎಂದರು ಹಂಚಿನಾಳರು, ಹೆಬ್ಬೆರಳನ್ನು ಮುಷ್ಟಿಯಿಂದ ಬಿಡಿಸಿ. ಡಿಸೆಂಬರಿನ ಫ್ಲೂ ಬಾಗಿಲಲ್ಲಿತ್ತು. ಒಲ್ಲೆ ಅನ್ನುವವರನ್ನು ಒಪ್ಪಿಸಲು ಅವರಿಗೆ ಬೇರೆ ದಾರಿಯೂ ಇರಲಿಲ್ಲ. "ಮನಿಗೆ ಮುಟ್ಟಸಾಕ ವಿಳಾಸ ಕೇಳಂಗಿಲ್ಲ ಮತ್ತ. ನಂಬರಿನ ಚೀಟಿ ತೋರಿಸಿ, ಅವರ ಬಂದು ಒಯ್ಯಬೇಕು. ಏಳು ದಿನದಾಗ ಒಯ್ಯಲಿಲ್ಲಂದ್ರ ಬೇಯಿಸಿ ಚೆಲ್ಲೂದು. ಅದೂ ನಿಯಮ."

ಉತ್ತರಗಳು ಬರಹದ ಬದಲು ಮುದ್ರಿಸಿದ ದನಿಯಲ್ಲಿ ಬಂದವು, ಸಂಖ್ಯೆಯೊಂದಿಗೆ ಮಾತ್ರ. ಹೆಪ್ಪು ಎಲ್ಲಿಂದ ಬಂತೆಂದು ಯಾರಾದರೂ ಕೇಳಲಿ ಎಂದೇ ಜನ ಕಾದಿದ್ದರೋ ಏನೋ. ಒಬ್ಬಾಕೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮೊದಲ ಮೊಸರು ಮಾಡಿದ ಅಜ್ಜಿಯ ಕಥೆ ಹೇಳಿದಳು. "ಎದುರುಮನೆಯಿಂದ ಸಾಲ ತಂದಿದ್ದು, ಅವ್ರು ಮಾತು ಬಿಟ್ಟು ಮೂವತ್ತು ವರ್ಷ ಆಯ್ತ್, ಮೊಸ್ರು ಮಾತ್ರ ಒಂದೇ ರುಚಿ," ಎಂದು ಕುಂದಾಪುರದ ಒಬ್ಬರು ನಕ್ಕರು. ಮದುವೆಯಾಗಿ ಬಂದಾಗ ಅತ್ತೆಯ ಹೆಪ್ಪನ್ನು ಗುಟ್ಟಾಗಿ ಚೆಲ್ಲಿ ತವರಿನ ಹೆಪ್ಪು ಹಾಕಿದೆ, ಅತ್ತೆ ಸಾಯುವ ತನಕ ಹೊಗಳಿದಳು ಎಂದು ಒಬ್ಬ ಅಜ್ಜಿ ಪಿಸುಗುಟ್ಟಿದಳು.

ನಾಲ್ಕು ಸಾವಿರದ ನಾನೂರ ಹದಿನೇಳು ಬುಧವಾರ ಬಂತು.

"ಹೆಪ್ಪ ಎಲ್ಲಿಂದ ಬಂತು ಅಂದ್ರ, ಕದ್ದದ್ದು ಅಂತ ಬರಕೋರಿ." ದನಿ ಒಡೆದಿತ್ತು, ಸಾವಿರ ಆಟಗಳಲ್ಲಿ ಕೂಗಿದ ದನಿ, ಅಡಿಯಲ್ಲಿ ಹಳೆಯ ಕಿಡಿ ಹಾಗೇ ಇತ್ತು. "ನಾ ಕದ್ದಿಲ್ಲ. ನನ್ನ ತಂಗಿ, ಎಂಟು ವರ್ಷದಾಕಿ, ಕುಂಕುಮದ ಭರಣ್ಯಾಗ ತುಂಬ್ಕೊಂಡು ಓಡಿ ಬಂದಿದ್ಲು. ಎಲ್ಲಿ ಇಡ್ತೀರಿ ಅಂತ ಕೇಳೀರಿ. ನಮಗ ಅಡಗಿಮನಿ ಎಲ್ಲೈತ್ರಿ. ಬಣ್ಣದ ಪೆಟ್ಟಿಗ್ಯಾಗ, ರಾಣಿ ಪಾತ್ರದ ಸೀರಿ ಸುತ್ತಿ ಇಡ್ತೀನಿ." ಪೆಟ್ಟಿಗೆಯ ಮುಚ್ಚಳ ಮುಚ್ಚಿದ ಸದ್ದು. "ಒಮ್ಮೆ ತಿರುಗಿ ಹೋಗಿದ್ದೆ. ಮನಿ ಇದ್ದಲ್ಲೆ ರಸ್ತಾ ಇತ್ತು. ರಸ್ತಾದ ಮ್ಯಾಲೆ ನಿಂತು ಅವ್ವನ ದನಿ ತಗದು ನಂದೀ ಅಂತ ಒದರಿದೆ. ಲಾರಿಯವ ಹಾರ್ನ್ ಹೊಡದ. ಅಷ್ಟ ರೀ."

ಮಹಾನಂದಾ ಅದನ್ನು ಒಂದೇ ಸಲ ಕೇಳಿದಳು. ಎರಡನೆಯ ಸಲ ಕೇಳಲು ಧೈರ್ಯವಾಗಲಿಲ್ಲ. ದನಿಗಳನ್ನು ಆ ಕೋಣೆಯಿಂದ ಹೊರಗೆ ಒಯ್ಯುವಂತಿರಲಿಲ್ಲ; ಅವ್ವನಿಗೆ ಏನು ಹೇಳುವುದು, ಹೇಗೆ ಹೇಳುವುದು ತಿಳಿಯದೆ ಆ ಸಂಜೆ ಸುಮ್ಮನೆ ರೊಟ್ಟಿ ಬಡಿದಳು.

ಹೇಳುವ ಪ್ರಸಂಗವನ್ನು ಹಂಚಿನಾಳರ ಶಾಖದ ಪೆಟ್ಟಿಗೆಯೇ ತಂದಿತು. ಬಂದ ಮುನ್ನೂರ ಹನ್ನೊಂದು ಹೆಪ್ಪುಗಳನ್ನು ಅವರು ಒಂದೇ ಪೆಟ್ಟಿಗೆಯಲ್ಲಿ ಒಂದೇ ಶಾಖದಲ್ಲಿಟ್ಟರು. ಎರಡನೆಯ ದಿನಕ್ಕೆ ಎಲ್ಲವೂ ಹುಳಿ, ಕೆಲವು ಲೋಳೆ.

"ನಮ್ಮವ್ವನ ಕರ್ಕೊಂಡು ಬರ್ಲೇನ್ರಿ?" ಎಂದಳು ಮಹಾನಂದಾ.

ಗುರುಬಸವ್ವ ಬಂದು, ಪ್ರಯೋಗಾಲಯದ ಬಿಳಿ ಟೋಪಿ ಹಾಕಿಸಿಕೊಂಡು, ಪೆಟ್ಟಿಗೆಯೊಳಗೆ ಇಣುಕಿ ಹಂಚಿನಾಳರನ್ನು ಕೇಳಿದಳು: "ಎಲ್ಲಾರ ಮನ್ಯಾಗೂ ಒಂದ ಬಿಸಲು ಬೀಳತೈತೇನಪಾ?"

ಅಂದಿನಿಂದ ಕೆಲಸದ ರೀತಿ ಬದಲಾಯಿತು. ಅಟ್ಟದ ಮೇಲಿಡುವವರದು ಅಟ್ಟದ ಶಾಖಕ್ಕೆ, ಅಕ್ಕಿ ಡಬ್ಬಿಯಲ್ಲಿ ಹುದುಗಿಸುವವರದು ಅಕ್ಕಿಗೆ, ಒಲೆಯ ಪಕ್ಕದವರದು ಒಲೆಯ ಪಕ್ಕಕ್ಕೆ. ಜನ ದನಿಯಲ್ಲಿ ಹೇಳಿಕೊಂಡದ್ದನ್ನು ಮಹಾನಂದಾ ಬರೆದು ಓದುತ್ತಿದ್ದಳು, ಅವ್ವ ಬೆರಳಿನಿಂದ ಹಾಲಿನ ಬಿಸಿ ನೋಡುತ್ತಿದ್ದಳು. ಕಪಾಟಿನ ನಾಲ್ಕನೆಯ ಸಾಲಿಗೆ ಬಂದಾಗ ಅವ್ವನ ಕೈ ನಿಂತಿತು.

ಅಲ್ಲೊಂದು ಹಿತ್ತಾಳೆಯ ಭರಣಿ. ಮುಚ್ಚಳದ ಮೇಲೆ ನವಿಲು, ನವಿಲಿಗೆ ತಲೆ ಇಲ್ಲ. ಆ ತಲೆ ಮುರಿದಿದ್ದು ಬೆಟಗೇರಿಯ ಮನೆಯ ಕಟ್ಟೆಯಿಂದ ಬಿದ್ದು.

ಅವ್ವ ಅದನ್ನು ಎತ್ತಿಕೊಂಡಳು. ಮುಚ್ಚಳ ತೆಗೆದಳು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು.

"ಇದು ಎಲ್ಲಿ ಇಡೂದು?" ಎಂದು ಕೇಳಿದಳು, ಮುಚ್ಚಳ ಹಾಕುತ್ತ.

"ಸೀರಿ ಸುತ್ತಿ ಇಡಬೇಕಂತ."

"ನೀ ಕೊಟ್ಟಿದ್ದೇನು?"

"ಹೂಂ."

"ಒಂದ್ ವಾರ ಹುಡುಕಿದೆ ನಾ ಇದನ್ನ." ಅವ್ವ ಮಗಳ ತಲೆಯ ಮೇಲಿನ ಬಿಳಿ ಟೋಪಿಯನ್ನು ಸರಿಮಾಡುವ ನೆಪದಲ್ಲಿ ಕೈ ಅಲ್ಲೇ ಇಟ್ಟಳು. "ಚಲೋ ಮಾಡಿದಿ."

ಮರುದಿನ ಅವ್ವ ತನ್ನ ಒಂದು ಹಳೆಯ ಇಳಕಲ್ ಸೀರೆಯನ್ನು ಚೀಲದಲ್ಲಿ ತಂದಳು. ಹದಿನೈದು ದಿನ ಆ ಭರಣಿಗೆ ಬೇರೆ ಯಾರೂ ಕೈ ಹಚ್ಚಲಿಲ್ಲ. ಒಂದು ಚಮಚ ತೆಗೆದು ಮನೆಗೆ ಒಯ್ಯಿರಿ ಎಂದು ಹಂಚಿನಾಳರೇ ಬಾಯಿ ತಪ್ಪಿದಂತೆ ಅಂದರು. ಅವ್ವ ಒಲ್ಲೆನೆಂದು ತಲೆಯಾಡಿಸಿದಳು. ಅದು ಮಗಳದು, ಮಗಳನ್ನು ಕೇಳಿ ತೆಗೆದುಕೊಳ್ಳಬೇಕು.

ಹಿಂದಿರುಗಿಸುವ ವಾರ ಶುರುವಾಯಿತು. ಮೊದಲ ದಿನವೇ ಸಾಲು ಗೇಟಿನ ಆಚೆಗಿತ್ತು. ಜನ ಚೀಟಿ ತೋರಿಸಿ, ತಮ್ಮ ಲೋಟ ಬಟ್ಟಲು ಗಡಿಗೆಗಳನ್ನು ಆಸ್ಪತ್ರೆಯಿಂದ ಮಗುವನ್ನು ಬಿಡಿಸಿಕೊಂಡು ಹೋಗುವವರ ಹಾಗೆ ಎದೆಗೆ ಹಿಡಿದು ಹೋದರು. ಅವ್ವ ಕೌಂಟರಿನ ಪಕ್ಕದಲ್ಲಿ ಮುಂಜಾನೆ ಹತ್ತಕ್ಕೆ ಕೂತರೆ ಸಂಜೆ ಆರಕ್ಕೆ ಏಳುತ್ತಿದ್ದಳು. ಒಳಗೆ ಬಂದ ಪ್ರತಿ ಹೆಂಗಸಿನ ಮುಖಕ್ಕೂ ಇಪ್ಪತ್ತೆರಡು ವರ್ಷ ಕೂಡಿಸಿ ಕಳೆದು ನೋಡುತ್ತಿದ್ದಳು. ನಾಲ್ಕನೆಯ ದಿನಕ್ಕೆ ಕಪಾಟು ಅರ್ಧ ಖಾಲಿಯಾಯಿತು. ಆರನೆಯ ದಿನಕ್ಕೆ ಹತ್ತು ಉಳಿದವು. ಏಳನೆಯ ದಿನ ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಉಳಿಯಿತು, ಅವ್ವನ ಮಡಿಲಲ್ಲಿ.

ಐದೂವರೆಯಾಯಿತು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ, ಗೋಡೆಯಿಂದ ಎಲ್ಲಿಗೋ ಹೋಯಿತು. ಹಿಂದಿನ ಕೋಣೆಯಲ್ಲಿ ಬೇಯಿಸುವ ಯಂತ್ರ ಕಾಯುತ್ತಿತ್ತು. ಆರಕ್ಕೆ ಐದು ನಿಮಿಷ ಇರುವಾಗ ಹಂಚಿನಾಳರು ತಮ್ಮ ಗಡಿಯಾರ ನೋಡಿ, "ಇದು ಮುಂದ ಹೋಗ್ತದ, ಸುಳ್ಳು ಗಡಿಯಾರ," ಎಂದು ಅದನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡರು. ಅಕ್ಷರ ಕಾಣದಷ್ಟು ಮಬ್ಬಾದಾಗ ಮಹಾನಂದಾ ಎದ್ದು ಕೌಂಟರಿನ ಮೇಲಿನ ಟ್ಯೂಬ್‌ಲೈಟ್ ಹಾಕಿದಳು. ಅವ್ವ ಆ ದೀಪವನ್ನು ನೋಡಿದಳು.

ಫೋನ್ ಹೊಡೆದುಕೊಂಡಿತು. ಸಹಾಯವಾಣಿಯ ಫೋನು, ದನಿ ಕೋಣೆಗೆಲ್ಲ ಕೇಳುವಂತೆಯೇ ಇರುವುದು ಅಲ್ಲಿನ ಪದ್ಧತಿ.

"ಹಲೋ, ಹೆಪ್ಪದ ಕೌಂಟರ್ ಬಂದ್ ಆತೇನ್ರಿ? ಈಗ ಧಾರವಾಡ ಸ್ಟ್ಯಾಂಡಿನ್ಯಾಗ ಇಳದೀನಿ. ಬಸ್ಸು ಅಣ್ಣಿಗೇರಿ ಹತ್ರ ಪಂಚರ್ ಆಗಿ ಕೂತಿತ್ತು. ನಾಕ್ ಸಾವಿರದ ನಾನೂರ ಹದಿನೇಳು ನನ್ನ ನಂಬರು."

ಮಹಾನಂದಾ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೂ... ತಗದೈತ್ರಿ."

"ಹೊತ್ತು ಮುಣಗೇತಿ ನೋಡ್ರಿ, ಅದಕ್ಕ ಕೇಳಿದೆ. ನಮ್ಮವ್ವ ಅಂತಿದ್ಲು," ಎಂದಿತು ಫೋನು. ಮರುಕ್ಷಣ ಅದರೊಳಗಿಂದ ಬೇರೊಬ್ಬಳು ಮಾತಾಡಿದಳು. ನಲವತ್ತೆಂಟು ವರ್ಷದ ಗುರುಬಸವ್ವ, ಬೆಟಗೇರಿಯ ಅಡುಗೆಮನೆಯಲ್ಲಿ ನಿಂತವಳು: "ದೀಪ ಹಚ್ಚಿದ ಮ್ಯಾಲೆ ಹೆಪ್ಪ ಕೊಡಂಗಿಲ್ಲ." ಮತ್ತೆ ಮೊದಲಿನ ದನಿ: "ನಿಮ್ಮ ಆಫೀಸಿನ್ಯಾಗೂ ಹಂಗ ಐತೇನ್ರಿ?"

ಮಹಾನಂದಾ ಅವ್ವನತ್ತ ತಿರುಗಿದಳು. ಅವ್ವ ಆಗಲೇ ಎದ್ದು ಬಂದಿದ್ದಳು. ಒಂದು ಕೈಯಲ್ಲಿ ಭರಣಿ, ಇನ್ನೊಂದು ಕೈ ಮೇಜಿನ ಮೇಲೆ. ಫೋನಿನ ಕಡೆ ಬಾಗಿದಳು.

"ಇಲ್ಲವಾ," ಎಂದಳು. "ಇಲ್ಲೆ ಹಂಗೇನಿಲ್ಲ. ಸಾವಕಾಶ ಬಾ."

ಆ ಕಡೆ ಹುಬ್ಬಳ್ಳಿ, ಹುಬ್ಬಳ್ಳಿ ಎಂದು ಯಾರೋ ಕಂಡಕ್ಟರ್ ಕೂಗುವುದು ಕೇಳಿಸಿತು. ಒಂದು ಬಸ್ಸು ಹೊರಟಿತು.

"ಯಾರ್ರಿ ಅದು?" ಎಂದಿತು ಫೋನು ಕೊನೆಗೆ, ತೀರ ಸಣ್ಣಗೆ. "ನನಗಿಂತ ಚಂದ ಮಾಡಿದ್ರಿ."

ಅವ್ವ ಗೋಡೆಯ ಹತ್ತಿರ ಹೋಗಿ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದಳು. ಕೌಂಟರಿನದು, ಪಡಸಾಲೆಯದು, ಮೆಟ್ಟಿಲಿನದು, ಗೇಟಿನ ಮೇಲಿನದು. ಕಟ್ಟಡದಲ್ಲಿ ಎಷ್ಟು ದೀಪಗಳಿದ್ದವೋ ಅಷ್ಟೂ. ಆಮೇಲೆ ಮಗಳ ಕಡೆ ನೋಡಿದಳು.

"ಹಾಲು ಕಾಸು," ಎಂದಳು. "ಅಕಿ ಬರೂದ್ರಾಗ ಉಗುರು ಬೆಚ್ಚಗ ಆಗ್ಬೇಕು."